ಹೊರಗೆ ಫ್ರೇಮ್ ಇರುವ ಬ್ಯಾಗೋ, ಒಳಗೆ ಇರುವುದೋ? ಕೊಳ್ಳುವ ಮೊದಲು ಇಷ್ಟು ನೋಡಿ

ಈ ತಿಂಗಳು ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಸೇಡಂ ಕಡೆಯ ನಮ್ಮ ಕಾಕಾ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು. ಇನ್ನೊಬ್ಬ ಬೀದರಿನ ಗೆಳೆಯ, ಮೊದಲ ಸಲ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟಿದ್ದಾನೆ. ಮೂರನೆಯವಳು ಶಹಾಪುರದ ಕಾಲೇಜು ಹುಡುಗಿ, ನನ್ನ ತಂಗಿಯ ಗೆಳತಿ. ಭಾನುವಾರ ಬಂತೆಂದರೆ ಊರ ಪಕ್ಕದ ಬಂಡೆಗುಡ್ಡ ಹತ್ತುತ್ತಾಳೆ. ಮೂವರೂ ಬ್ಯಾಗ್ ಕೊಳ್ಳಬೇಕು. ಮೂವರಿಗೂ ಯಾರೋ ಒಬ್ಬರು ಹೊರಗೆ ಪೈಪಿನ ಚೌಕಟ್ಟು ಇರುವ ಬ್ಯಾಗ್ ತೋರಿಸಿ ‘ಇದೇ ತಗೋ’ ಅಂದಿದ್ದಾರೆ, ಇನ್ನೊಬ್ಬರು ‘ಅದು ಹಳೇ ಕಾಲದ್ದು, ಮುಟ್ಟಬೇಡ’ ಅಂದಿದ್ದಾರೆ.

ಕಾಕಾ ಕೇಳಿದ್ದು ಹೀಗೆ: “ಆ ಪೈಪಿನ ಹಂದರ ಇರ್ತದಲ್ಲ ತಮ್ಮಾ, ಆ ಚೀಲ ಚೊಲೊನೋ, ಈ ಮೆತ್ತನ್ನದು ಚೊಲೊನೋ?”

ಹಂದರ ಅನ್ನುವ ಮಾತು ನನಗೆ ತುಂಬ ಹಿಡಿಸಿತು. ಅದು ನಿಜಕ್ಕೂ ಹಂದರವೇ. ಅಲ್ಯೂಮಿನಿಯಂ ಪೈಪಿನ ಒಂದು ಏಣಿ, ಅದಕ್ಕೆ ಮುಂದೆ ಹೆಗಲಿನ ಪಟ್ಟಿ ಮತ್ತು ಸೊಂಟದ ಬೆಲ್ಟು, ಹಿಂದೆ ಪಿನ್ನು ಹಾಕಿ ಸಿಕ್ಕಿಸಿದ ಚೀಲ. ಚೀಲ ತೆಗೆದರೂ ಏಣಿ ಉಳಿಯುತ್ತದೆ, ಏನು ಬೇಕಾದರೂ ಕಟ್ಟಬಹುದು. ಒಳಫ್ರೇಮಿನ ಬ್ಯಾಗಿನಲ್ಲಿ ಈ ಏಣಿಯ ಕೆಲಸವನ್ನು ಬೆನ್ನಿನ ಬಟ್ಟೆಯೊಳಗೆ ಹೊಲಿದು ಮುಚ್ಚಿದ ಒಂದೆರಡು ಲೋಹದ ಪಟ್ಟಿ ಅಥವಾ ಗಟ್ಟಿ ಪ್ಲಾಸ್ಟಿಕ್ ಹಾಳೆ ಮಾಡುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ.

ನನ್ನ ಹತ್ತಿರ ಎರಡೂ ಇವೆ. ಹೊರಫ್ರೇಮಿನದು ಅಮೆರಿಕದಿಂದ ಬಂದ ಸಂಬಂಧಿಕರು ಬಿಟ್ಟುಹೋದ 65 ಲೀಟರಿನದು. ಒಳಫ್ರೇಮಿನದು ನಾನೇ ದುಡ್ಡು ಕೊಟ್ಟು ತಂದ 55 ಲೀಟರಿನದು. ಎರಡನ್ನೂ ವರ್ಷಗಟ್ಟಲೆ ಹೊತ್ತಿದ್ದೇನೆ. ಹಾಗಾಗಿ ನನ್ನ ಬೆನ್ನಿಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಇವನ್ನು ಕೇಳಿಕೊಳ್ಳಿ

ಬ್ಯಾಗಿನ ಚಿತ್ರ ನೋಡುವ ಮೊದಲು ನಿಮ್ಮ ನಡಿಗೆಯನ್ನು ನೋಡಿ. ಎಷ್ಟು ತೂಕ ಹೊರುತ್ತೀರಿ? ಬಹಳ ದಿನದ ನಡಿಗೆಗೆ ನಿಮ್ಮ ಮೈತೂಕದ ಐದನೇ ಒಂದು ಪಾಲಿನೊಳಗೆ ಇರಲಿ ಅನ್ನುವುದು ಚಾರಣಿಗರಲ್ಲಿ ಬಳಕೆಯಲ್ಲಿರುವ ಲೆಕ್ಕ. 60 ಕೆಜಿ ಇದ್ದರೆ 12 ಕೆಜಿ. ಆಮೇಲೆ ಆ ಸಾಮಾನಿನ ಆಕಾರ. ಮಡಚಿ ತುರುಕಬಹುದಾದ ಬಟ್ಟೆಯೋ, ಕೌದಿ, ಸ್ಟೀಲ್ ಡಬ್ಬಿ, ಪಾತ್ರೆಯಂಥ ಹಟಮಾರಿ ವಸ್ತುವೋ? ದಾರಿ ಎಂಥದು, ಬಯಲೋ, ಬಂಡೆಯೋ, ಮುಳ್ಳುಕಂಟಿಯೋ? ಬಿಸಿಲು ಎಷ್ಟು? ಅಲ್ಲಿಗೆ ಹೇಗೆ ಹೋಗುತ್ತೀರಿ, ಬಸ್ಸೋ, ರೈಲೋ, ವಿಮಾನವೋ? ಮುರಿದರೆ ಯಾರು ರಿಪೇರಿ ಮಾಡುತ್ತಾರೆ? ಕೊನೆಗೆ ದುಡ್ಡು. ದುಡ್ಡನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಬೇರೆಯದಕ್ಕೆಲ್ಲ ಉತ್ತರ ಸಿಕ್ಕರೆ ಎಷ್ಟೋ ಜನಕ್ಕೆ ದುಬಾರಿ ಬ್ಯಾಗ್ ಬೇಡವೇ ಬೇಡ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಹೊರಫ್ರೇಮು

ಇದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಡಿಕ್ ಕೆಲ್ಟಿ. 1952ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಮನೆಯಲ್ಲೇ, ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಪೈಪು ಬಗ್ಗಿಸಿ ಮಾರಲು ಶುರು ಮಾಡಿದರು. ಚೀಲಗಳನ್ನು ಅವರ ಹೆಂಡತಿ ಹೊಲಿಯುತ್ತಿದ್ದರು. 1963ರಲ್ಲಿ ಎವರೆಸ್ಟ್ ಹತ್ತಿದ ಅಮೆರಿಕದ ತಂಡದ ಬೆನ್ನ ಮೇಲೆ ಇದ್ದದ್ದೂ ಅವರ ಚೀಲಗಳೇ. ಅವರ ಬ್ಯಾಗಿನ ದೊಡ್ಡ ಗುಣ ಪೈಪಲ್ಲ, ಸೊಂಟದ ಬೆಲ್ಟು. ಹೆಗಲಿನ ಭಾರವನ್ನು ಸೊಂಟಕ್ಕೆ ಇಳಿಸಿದರೆ ಕಾಲು ಹೊರುತ್ತದೆ, ಕತ್ತು ಉಳಿಯುತ್ತದೆ. ಪೈಪು ಗಟ್ಟಿಯಾಗಿ ನಿಂತಿರುವುದರಿಂದಲೇ ಭಾರ ನೇರ ಬೆಲ್ಟಿಗೆ ಇಳಿಯುತ್ತದೆ, ನಡುವೆ ಎಲ್ಲೂ ಕುಸಿಯುವುದಿಲ್ಲ. ತೂಕ 15 ಕೆಜಿ ದಾಟಿದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ. 7–8 ಕೆಜಿಗೆ ಇದು ಸುಮ್ನೆ ಹೊರೆ.

ನಮ್ಮ ಕಡೆಯವರಿಗೆ ಮುಖ್ಯವಾದದ್ದು ಗಾಳಿ. ಕಲಬುರಗಿಯ ಬಿಸಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಹೊರಫ್ರೇಮಿನ ಚೀಲ ಬೆನ್ನಿಗೆ ತಾಗುವುದಿಲ್ಲ. ಬಿಗಿಯಾಗಿ ಎಳೆದ ಒಂದೆರಡು ಜಾಲರಿ ಪಟ್ಟಿ ಮಾತ್ರ ತಾಗುತ್ತದೆ, ಉಳಿದ ಕಡೆ ಕೈ ತೂರಿಸುವಷ್ಟು ಸಂದು. ಒಮ್ಮೆ ಏಪ್ರಿಲ್‌ನಲ್ಲಿ ಒಂದೇ ದಾರಿಯನ್ನು ಒಂದು ದಿನ ಈ ಬ್ಯಾಗಿನಲ್ಲಿ, ಮರುದಿನ ಆ ಬ್ಯಾಗಿನಲ್ಲಿ ನಡೆದೆ. ಒಳಫ್ರೇಮಿನ ದಿನ ಅಂಗಿ ತೆಗೆದು ಒಣಹಾಕಿದಾಗ ಬೆನ್ನಿನ ತುಂಬ ಬ್ಯಾಗಿನ ಆಕಾರದಲ್ಲೇ ಉಪ್ಪಿನ ಬಿಳಿ ಗೆರೆ ಎದ್ದಿತ್ತು. ಹೊರಫ್ರೇಮಿನ ದಿನ ಎರಡು ಅಡ್ಡ ಪಟ್ಟಿಯ ಗುರುತು ಮಾತ್ರ. ಬೆನ್ನು ಒಣಗಿದ್ದರೆ ಬೆವರುಸಾಲೆ ಕಡಿಮೆ, ತಿಕ್ಕಿ ಚರ್ಮ ಕೀಳುವುದು ಕಡಿಮೆ. ನಾಲ್ಕೈದು ದಿನದ ನಡಿಗೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಬುತ್ತಿ. ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಹಿಂಡಿಯ ಡಬ್ಬಿ, ಚರಿಗೆ, ಇವೆಲ್ಲ ಮೂಲೆ ಇರುವ ಸಾಮಾನು. ಮೆತ್ತನೆಯ ಬ್ಯಾಗಿನಲ್ಲಿ ಇಟ್ಟರೆ ಯಾವುದೋ ಒಂದು ಅಂಚು ಬೆನ್ನುಹುರಿಗೇ ಬಂದು ಒತ್ತುತ್ತದೆ. ಹೊರಫ್ರೇಮಿನಲ್ಲಿ ನಡುವೆ ಏಣಿ ಇರುವುದರಿಂದ ಹೇಗೆ ತುಂಬಿದರೂ ನಡೆಯುತ್ತದೆ. ಕೌದಿಯನ್ನು ಸುತ್ತಿ ಚೀಲದ ಕೆಳಗೆ ಪೈಪಿಗೆ ಬಿಗಿದರೆ ಒಳಗಿನ ಜಾಗವೆಲ್ಲ ಉಳಿಯಿತು. ಹೊರಗೆ ನಾಲ್ಕೈದು ಜೇಬು ಬೇರೆಬೇರೆ ಇರುತ್ತವೆ. ಟಾರ್ಚು ಎಲ್ಲಿ, ಔಷಧಿ ಎಲ್ಲಿ ಅಂತ ಇಡೀ ಚೀಲ ಸುರುವಬೇಕಿಲ್ಲ.

ನಡೆಯುವ ಭಂಗಿಯೂ ಬೇರೆ. ಭಾರ ಎತ್ತರದಲ್ಲಿ, ಹೆಗಲ ಮಟ್ಟದಲ್ಲಿ ಕೂರುತ್ತದೆ. ಸಮತಟ್ಟು ರಸ್ತೆಯಲ್ಲಿ ಮುಂದಕ್ಕೆ ಸ್ವಲ್ಪ ಬಾಗಿದರೆ ಸಾಕು, ಹೆಚ್ಚುಕಡಿಮೆ ನೆಟ್ಟಗೇ ನಡೆಯಬಹುದು. ತಲೆ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತ ನಮ್ಮ ಹೆಣ್ಣುಮಕ್ಕಳು ಎಷ್ಟು ನೆಟ್ಟಗೆ ನಡೆಯುತ್ತಾರೆ ನೋಡಿದ್ದೀರಿ, ಅಲ್ವಾ? ಭಾರ ಮೈಯ ನೇರದಲ್ಲಿ ಇದ್ದಷ್ಟೂ ಸುಖ.

ಆದರೆ ಅದೇ ಎತ್ತರ ಬಂಡೆಯ ಮೇಲೆ ಶತ್ರು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಾಲು ಹಾಕಿದಾಗ ನೀವು ನಿಂತರೂ ಚೀಲ ನಿಲ್ಲುವುದಿಲ್ಲ, ಅರೆಕ್ಷಣ ತಡವಾಗಿ ತಾನೂ ಬಂದು ತಳ್ಳುತ್ತದೆ. ಯಾದಗಿರಿ ಕೋಟೆಯ ಗುಡ್ಡದಲ್ಲಿ, ಮೆಟ್ಟಿಲು ಬಿಟ್ಟು ಬಂಡೆಯ ಮೇಲೆ ಕಾಲಿಟ್ಟ ಜಾಗದಲ್ಲಿ, ನನಗೆ ಹೀಗೆ ಆಗಿ ಎರಡೂ ಕೈ ಊರಿ ಕೂತುಬಿಟ್ಟೆ. ಆವತ್ತಿನಿಂದ ಬಂಡೆಗೆ ಈ ಬ್ಯಾಗ್ ಒಯ್ದಿಲ್ಲ.

ಕಾಡಿನಲ್ಲೂ ತೊಂದರೆ. ಚಿಂಚೋಳಿಯ ಕಡೆ ಜಾಲಿಕಂಟಿಯ ನಡುವಿನ ಕಾಲುದಾರಿಯಲ್ಲಿ ತಲೆಯ ಮೇಲೆ ಎದ್ದ ಪೈಪು ಪ್ರತಿ ಕೊಂಬೆಗೂ ಸಿಗುತ್ತದೆ. ನೀವು ಬಗ್ಗಿ ದಾಟಿದಿರಿ ಅಂದುಕೊಂಡಿರುತ್ತೀರಿ, ಬ್ಯಾಗ್ ದಾಟಿರುವುದಿಲ್ಲ. ಅಲ್ಲಿಯೇ ಚಂದ್ರಂಪಳ್ಳಿ ಕೆರೆಯ ದಾರಿಯಲ್ಲಿ ನನ್ನ ಬ್ಯಾಗಿನ ಒಂದು ಪಿನ್ನು ಬಿದ್ದುಹೋಯಿತು. ಚೀಲವನ್ನು ಪೈಪಿಗೆ ಹಿಡಿಯುವುದು ಈ ಪಿನ್ನುಗಳೇ, ಕಡ್ಡಿಯಂಥ ಪಿನ್ನು, ಅದು ಜಾರದಂತೆ ತುದಿಗೆ ಕೀಲಿಕೈ ಗೊಂಚಲಿನಂಥ ಸಣ್ಣ ರಿಂಗು. ರಿಂಗು ಕೊಂಬೆಗೆ ಸಿಕ್ಕಿ ಬಿಚ್ಚಿಕೊಂಡಿದೆ, ನನಗೆ ಗೊತ್ತೇ ಆಗಿಲ್ಲ. ಚೀಲ ಒಂದು ಕಡೆ ಜೋತುಬಿತ್ತು, ಬಲಗಡೆ ಸೊಂಟ ಉರಿಯಲು ಶುರುವಾಯಿತು. ಸುತಳಿ ಕಟ್ಟಿ ಊರು ಸೇರಿದೆ. ಸೈಕಲ್ ಅಂಗಡಿಯವರು ಕಡ್ಡಿ ಮುರಿದು ಐದು ನಿಮಿಷದಲ್ಲಿ ಹೊಸ ಪಿನ್ನು ಮಾಡಿಕೊಟ್ಟರು.

ಇದರಲ್ಲಿ ಇದರ ಒಳ್ಳೆಯದು ಕೆಟ್ಟದ್ದು ಎರಡೂ ಇದೆ ನೋಡಿ. ಬಿಚ್ಚಿಹೋಗುವ ಭಾಗ ಜಾಸ್ತಿ, ಆದರೆ ಪ್ರತಿ ಭಾಗವನ್ನೂ ಯಾವ ಹಳ್ಳಿಯಲ್ಲಾದರೂ ಸರಿಮಾಡಿಕೊಳ್ಳಬಹುದು, ಪೈಪನ್ನು ಬಿಟ್ಟು. ಪೈಪು ಬಾಗಿದರೆ ಅದನ್ನು ನೆಟ್ಟಗೆ ಮಾಡಿದ ಜಾಗ ಮತ್ತೆ ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಬಿರುಕು ಬಿಟ್ಟರೆ ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ. ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಬೇಕು.

ಸಪ್ಪಳವನ್ನೂ ಹೇಳಬೇಕು. ಹಳೆಯದಾದಂತೆ ಹೆಜ್ಜೆಗೊಮ್ಮೆ ಕಿರ್ ಅನ್ನುತ್ತದೆ. ಕೀಲುಗಳಿಗೆ ಮೇಣದಬತ್ತಿ ತಿಕ್ಕಿ. ಎಣ್ಣೆ ಹಾಕಬೇಡಿ, ನಮ್ಮ ಧೂಳು ಅದಕ್ಕೆ ಹತ್ತಿಕೊಂಡು ಇನ್ನಷ್ಟು ತಿನ್ನುತ್ತದೆ.

ಪ್ರಯಾಣದಲ್ಲಿ ಇದು ನಿಜಕ್ಕೂ ಕಷ್ಟ. ಕೆಕೆಆರ್‌ಟಿಸಿ ಬಸ್ಸಿನ ಮೇಲಿನ ಕಂಬಿಯಲ್ಲಿ ಕೂರುವುದಿಲ್ಲ, ಕಾಲ ಬಳಿ ಇಟ್ಟರೆ ಪಕ್ಕದವರ ಮೊಣಕಾಲಿಗೆ ತಾಗುತ್ತದೆ, ಡಿಕ್ಕಿಗೆ ಹಾಕಿದರೆ ಮೇಲೆ ಏನು ಬೀಳುತ್ತದೋ ಎಂಬ ಚಿಂತೆ. ರೈಲಿನಲ್ಲಿ ಕೆಳಗಿನ ಬರ್ತಿನ ಅಡಿಗೆ ಮಲಗಿಸಬಹುದು. ವಿಮಾನದಲ್ಲಿ ಚೆಕ್-ಇನ್ ಮಾಡಲೇಬೇಕು. ಹಾಗೆ ಕಳಿಸುವಾಗ ಚೀಲ ಬಿಚ್ಚಿ, ಫ್ರೇಮಿಗೆ ಕೌದಿಯನ್ನೋ ದಪ್ಪ ಚಾದರವನ್ನೋ ಸುತ್ತಿ, ಎರಡನ್ನೂ ಗೋಣಿಚೀಲದಲ್ಲಿ ಹಾಕಿ ಹೊಲಿದುಬಿಡುವುದು ಒಳ್ಳೆಯದು.

ಒಳಫ್ರೇಮು

1967ರಲ್ಲಿ ಗ್ರೆಗ್ ಲೋ ಎಂಬ ಅಮೆರಿಕದ ಪರ್ವತಾರೋಹಿ ಫ್ರೇಮನ್ನು ಚೀಲದ ಒಳಗೆ ಸೇರಿಸಿದರು. ಹಗ್ಗ ಹಿಡಿದು ಹತ್ತುವವರಿಗೆ ಓಲಾಡುವ ಚೀಲ ಪ್ರಾಣಕ್ಕೇ ಕುತ್ತು. ಭಾರ ಬೆನ್ನಿಗೆ ಅಂಟಿಕೊಂಡಿರಬೇಕು. ಇವತ್ತು ಅಂಗಡಿಯಲ್ಲಿ ನೀವು ನೋಡುವ ದೊಡ್ಡ ಬ್ಯಾಗುಗಳಲ್ಲಿ ಹೆಚ್ಚಿನವು ಇದೇ ಜಾತಿ.

ಬಂಡೆ, ಕಡಿದಾದ ಇಳಿಜಾರು, ಹಿಮ, ಕಾಡು, ಇಲ್ಲೆಲ್ಲ ಇದರ ಮುಂದೆ ಹೊರಫ್ರೇಮು ನಿಲ್ಲುವುದಿಲ್ಲ. ನೀವು ತಿರುಗಿದರೆ ಬ್ಯಾಗೂ ಜೊತೆಗೇ ತಿರುಗುತ್ತದೆ. ಪಕ್ಕದ ಪಟ್ಟಿ ಎಳೆದರೆ ಚಿಕ್ಕದಾಗುತ್ತದೆ. ಒಳಗಿನ ಅಲ್ಯೂಮಿನಿಯಂ ಪಟ್ಟಿಯನ್ನು ಹೊರಗೆ ತೆಗೆದು, ನಿಮ್ಮ ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿ ಮತ್ತೆ ಹಾಕುವ ಸೌಲಭ್ಯ ಕೆಲವದರಲ್ಲಿ ಇದೆ. ತುಂಬ ಜನ ಇದನ್ನು ಒಮ್ಮೆಯೂ ಮಾಡುವುದಿಲ್ಲ, ಮಾಡಿ ನೋಡಿ, ಬ್ಯಾಗೇ ಬದಲಾದಂತೆ ಆಗುತ್ತದೆ. 50–60 ಲೀಟರಿನದು ಸುಮಾರು 1.5ರಿಂದ 2.2 ಕೆಜಿ ಇರುತ್ತದೆ. ನನ್ನ ಹೊರಫ್ರೇಮಿನದು ಖಾಲಿ ಇದ್ದಾಗಲೇ ಎರಡೂವರೆ ಕೆಜಿ ಹತ್ತಿರ ತೂಗುತ್ತದೆ.

ತುಂಬುವುದಕ್ಕೆ ಮಾತ್ರ ಇಲ್ಲಿ ಶಿಸ್ತು ಬೇಕು. ಹಗುರವಾದ ಹಾಸಿಗೆ ಕೆಳಗೆ, ಭಾರದ್ದು ನಡುವೆ ಬೆನ್ನಿಗೆ ಹತ್ತಿರ, ಬಟ್ಟೆ ಅದರ ಸುತ್ತ, ಬೇಗ ಬೇಕಾದದ್ದು ಮೇಲೆ. ತಪ್ಪಿದರೆ ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ. ಬೆವರಿನ ಮಾತು ಆಗಲೇ ಹೇಳಿದೆ.

ಬೆವರಿಗೆ ಒಂದು ಮಧ್ಯದ ದಾರಿ ಇದೆ. ಫ್ರೇಮು ಒಳಗೇ ಇದ್ದು, ಬೆನ್ನಿನ ಕಡೆ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ನಡುವೆ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ಜರ್ಮನಿಯ ಡಾಯ್ಟರ್ ಕಂಪನಿ ಇದನ್ನು 1984ರಲ್ಲಿ ತಂದಿತು, ಈಗ ಹಲವು ಕಂಪನಿಗಳು ಮಾಡುತ್ತವೆ. ನಮ್ಮ ಬಿಸಿಲಿನಲ್ಲಿ ಎರಡು ಮೂರು ದಿನ ನಡೆಯುವವರಿಗೆ, 10–12 ಕೆಜಿ ಹೊರುವವರಿಗೆ, ನಾನು ಮೊದಲು ಹೇಳುವುದು ಇದನ್ನೇ. ಬಾಗಿದ ಬೆನ್ನಿನಿಂದಾಗಿ ಚೀಲದ ಒಳಗೆ ಸ್ವಲ್ಪ ಜಾಗ ಹೋಗುತ್ತದೆ, ಭಾರ ಒಂದೆರಡು ಇಂಚು ಹಿಂದಕ್ಕೆ ಸರಿಯುತ್ತದೆ. ಆ ತೂಕಕ್ಕೆ ಅದೇನೂ ಗೊತ್ತಾಗುವುದಿಲ್ಲ.

ಫ್ರೇಮೇ ಇಲ್ಲದ ಬ್ಯಾಗುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 7–8 ಕೆಜಿವರೆಗೆ ಆರಾಮ. ಅದಕ್ಕಿಂತ ಮೇಲೆ ಭಾರ ಪೂರ್ತಿ ಹೆಗಲಿಗೇ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ 60 ಲೀಟರ್ ಅಂತ ಕಡಿಮೆ ಬೆಲೆಗೆ ಸಿಗುವ ಚೀಲಗಳಲ್ಲಿ ಬಹಳಷ್ಟು ಇದೇ ಥರದವು, ಸೊಂಟಕ್ಕೆ ತೆಳ್ಳನೆಯ ಪಟ್ಟಿ ಇರುತ್ತದೆ, ಅದು ಭಾರ ಹೊರುವ ಬೆಲ್ಟಲ್ಲ. ಗಾತ್ರ ದೊಡ್ಡದಿದೆ ಅಂತ ಅಷ್ಟೂ ತುಂಬಿದರೆ ಎರಡನೇ ದಿನ ಕೈ ಜೋಮು ಹಿಡಿಯುತ್ತದೆ.

ದುಡ್ಡು ಮತ್ತು ಅಳತೆ

ಸಾದಾ ಚೀಲ ಸಾವಿರದಿಂದ ಎರಡು ಸಾವಿರ ರೂಪಾಯಿಗೆ ಸಿಗುತ್ತದೆ. ಹೊರುವಂಥ ಬೆಲ್ಟು, ಒಳಫ್ರೇಮು ಇರುವ ಒಳ್ಳೆಯ 50 ಲೀಟರಿನದು ಸುಮಾರು ನಾಲ್ಕರಿಂದ ಎಂಟು ಸಾವಿರ. ಹೊರದೇಶದ ದೊಡ್ಡ ಹೆಸರುಗಳು ಹನ್ನೆರಡು ಹದಿನೈದು ಸಾವಿರದಿಂದ ಮೇಲಕ್ಕೆ. ಹೊರಫ್ರೇಮಿನದು ನಮ್ಮ ಅಂಗಡಿಗಳಲ್ಲಿ ಸಿಗುವುದೇ ಅಪರೂಪ. ಹೊರಗಿನಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಬೆಲೆ ಏರುತ್ತದೆ. ಇಷ್ಟು ದುಡ್ಡು ಹಾಕಿ ಹೊಸದು ತರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾರ ಮನೆಯಲ್ಲಾದರೂ ಹಳೆಯದಿದ್ದು, ಪೈಪು ನೆಟ್ಟಗಿದ್ದರೆ ಖಂಡಿತ ತೆಗೆದುಕೊಳ್ಳಿ. ಹಳೆಯದನ್ನು ನೋಡುವಾಗ ವೆಲ್ಡಿಂಗ್ ಇರುವ ಪ್ರತಿ ಕೀಲಿನ ಮೇಲೆ ಉಗುರು ಓಡಿಸಿ, ಬಿರುಕು ಉಗುರಿಗೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ‘ಫ್ರೇಮ್ ಇದೆ’ ಅಂತ ಬರೆದದ್ದನ್ನು ನಂಬಿ ನಾನೊಮ್ಮೆ ತರಿಸಿದ್ದೆ. ಒಳಗೆ ಇದ್ದದ್ದು ಛತ್ರಿ ಕಡ್ಡಿಯಂಥ ಎರಡು ತಂತಿ. ಬೆನ್ನಿನ ಕಡೆಯಿಂದ ಮೊಣಕಾಲು ಊರಿ ಒತ್ತಿದಾಗ ಮಡಚಿಕೊಂಡರೆ ಅದು ಫ್ರೇಮಲ್ಲ.

ಎಷ್ಟೇ ಒಳ್ಳೆಯ ಬ್ಯಾಗಾದರೂ ಅಳತೆ ತಪ್ಪಿದರೆ ದಂಡ. ನೋಡಬೇಕಾದದ್ದು ನಿಮ್ಮ ಎತ್ತರವನ್ನಲ್ಲ, ಬೆನ್ನಿನ ಉದ್ದವನ್ನು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದಲ್ಲ, ಅಲ್ಲಿಂದ ಹಿಡಿದು, ಸೊಂಟದ ಎರಡೂ ಮೂಳೆಯ ಮೇಲ್ತುದಿಯಲ್ಲಿ ಹೆಬ್ಬೆರಳು ಇಟ್ಟರೆ ಅವು ಸೇರುವ ಗೆರೆಯವರೆಗೆ ಟೇಪಿನಲ್ಲಿ ಅಳೆಯಿರಿ. ದರ್ಜಿಯವರ ಹತ್ತಿರ ಹೋದರೂ ಆಯಿತು. ಬೆಲ್ಟು ಆ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಹೊರಫ್ರೇಮಿನಲ್ಲಿ ಹೆಗಲಿನ ಪಟ್ಟಿಯನ್ನು ಮೇಲಿನ ತೂತಿನಿಂದ ಕೆಳಗಿನ ತೂತಿಗೆ ಬದಲಿಸಬಹುದು. ಆದರೂ ಹಳೆಯವು ಉದ್ದನೆಯ ಗಂಡಸರ ಅಳತೆಯವೇ ಹೆಚ್ಚು, ಗಿಡ್ಡ ಬೆನ್ನಿನವರು ಹೊತ್ತು ನೋಡದೆ ಒಪ್ಪಬೇಡಿ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. 10 ಕೆಜಿ ಜೋಳ ಹಾಕಿ, ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ.

ಮೂವರಿಗೆ ನಾನು ಹೇಳಿದ್ದು

ಶಹಾಪುರದ ಹುಡುಗಿಗೆ ಹೇಳಿದ್ದು ಎರಡೇ ಮಾತು. ನೀನು ಬೆಳಿಗ್ಗೆ ಹೋಗಿ ಸಂಜೆ ಬರುವವಳು, ಮೂರು ಲೀಟರ್ ನೀರು, ಬುತ್ತಿ, ಕ್ಯಾಮೆರಾ ಸೇರಿ 6 ಕೆಜಿ ಆಗುವುದಿಲ್ಲ. 25–30 ಲೀಟರಿನ, ಬೆನ್ನಿಗೆ ಅಂಟಿ ಕೂರುವ, ಎದೆಗೆ ಅಡ್ಡ ಪಟ್ಟಿ ಇರುವ ಬ್ಯಾಗ್ ಸಾಕು. ಬಂಡೆಯ ಮೇಲೆ ಓಲಾಡದಿರುವುದೇ ನಿನಗೆ ಮುಖ್ಯ. ಉಳಿದ ದುಡ್ಡಿಗೆ ಒಳ್ಳೆಯ ಬೂಟು ತಗೋ.

ಬೀದರಿನ ಗೆಳೆಯನಿಗೆ ಒಳಫ್ರೇಮು, 50 ಲೀಟರು. ಅವನು ಹೋಗುವ ತಂಡದಲ್ಲಿ ಟೆಂಟು, ಅಡುಗೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಅವನ ಪಾಲಿಗೆ ಬರುವುದು ಬಟ್ಟೆ, ನೀರು, ಮಳೆಗೆ ಹೊದಿಕೆ, ಇಷ್ಟೇ. ಮೊದಲ ಸಲ ಆದ್ದರಿಂದ ಕೊಳ್ಳದೆ ಬಾಡಿಗೆಗೆ ತೆಗೆದುಕೊಳ್ಳುವುದೇ ಮೇಲು ಅಂದೆ. ಚಾರಣ ಶುರುವಾಗುವ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಹಿಂತಿರುಗಿ ಬಂದ ಮೇಲೆ ಇನ್ನೂ ಹೋಗಬೇಕು ಅನ್ನಿಸಿದರೆ ಆಗ ಕೊಳ್ಳಲಿ, ಅಷ್ಟರಲ್ಲಿ ಅವನ ಬೆನ್ನಿಗೆ ಏನು ಬೇಕು ಅಂತ ಅವನಿಗೇ ಗೊತ್ತಾಗಿರುತ್ತದೆ.

ಕಾಕಾಗೆ ಮೊದಲು ಕೇಳಿದ್ದು, ಸಾಮಾನು ಟೆಂಪೋದಲ್ಲಿ ಹಾಕಬಹುದಲ್ಲ ಅಂತ. ಪಾದಯಾತ್ರೆಯ ಬಹಳಷ್ಟು ತಂಡಗಳ ಜೊತೆ ಗಾಡಿ ಇರುತ್ತದೆ. ಹಾಗಿದ್ದರೆ ಬ್ಯಾಗಿನ ಪ್ರಶ್ನೆಯೇ ಬರುವುದಿಲ್ಲ, ಹೆಗಲಿಗೊಂದು ಜೋಳಿಗೆ ಸಾಕು. ಅವರು ಒಪ್ಪಲಿಲ್ಲ. “ಮಲ್ಲಯ್ಯನ ಹತ್ರ ಹೋಗ್ಲಿಕ್ಕ ನನ್ನ ಗಂಟು ನಾನೇ ಹೊರಬೇಕು” ಅಂದರು. ಆ ಮಾತಿಗೆ ಎದುರಾಡುವುದು ನನ್ನಿಂದ ಆಗಲಿಲ್ಲ.

ಅವರ ದಾರಿ ಬಹುಪಾಲು ರಸ್ತೆ, ಬಯಲು. ಬಿಸಿಲು ಜೋರು. ಸಾಮಾನು ಕೌದಿ, ಡಬ್ಬಿ, ಪೂಜೆಯ ಪಾತ್ರೆ. ಎಲ್ಲ ಹೊರಫ್ರೇಮಿಗೆ ಹೇಳಿ ಮಾಡಿಸಿದಂತಿದೆ, ಹಾಗಾಗಿ ನನ್ನದನ್ನೇ ಕೊಟ್ಟೆ. ಆದರೆ ಕೊನೆಗೆ ನಲ್ಲಮಲ ಕಾಡು ಬರುತ್ತದೆ, ಕಲ್ಲಿನ ಏರಿಳಿತದ ದಾರಿ. ಅಲ್ಲಿ ಡಬ್ಬಿಗಳನ್ನು ಮೇಲಿನ ಖಾನೆಯಿಂದ ಕೆಳಗಿನ ಖಾನೆಗೆ ಇಳಿಸಿ, ಕೌದಿಯನ್ನು ಮೇಲಕ್ಕೆ ಕಟ್ಟಿ ಅಂತ ಹೇಳಿದ್ದೇನೆ. ಭಾರ ಕೆಳಗೆ ಬಂದರೆ ಓಲಾಟ ಕಡಿಮೆಯಾಗುತ್ತದೆ. ಕೈಗೆ ಒಂದು ಕೋಲು ಇರಲೇಬೇಕು. ದಣಿದು ಕೂತಾಗ ಅದೇ ಕೋಲನ್ನು ಫ್ರೇಮಿನ ಹಿಂದೆ ಊರಿದರೆ ಬ್ಯಾಗೇ ಒರಗುವ ಕುರ್ಚಿ ಆಗುತ್ತದೆ, ಇದನ್ನು ತೋರಿಸಿದಾಗ ಅವರಿಗೆ ಆದ ಖುಷಿ ಹೇಳತೀರದು.

ಮೊನ್ನೆ ಭಾನುವಾರ 10 ಕೆಜಿ ಜೋಳ ತುಂಬಿಕೊಂಡು ಹೊಲದವರೆಗೆ ಹೋಗಿಬಂದರು. ಹೆಗಲಿನ ಪಟ್ಟಿಯನ್ನು ಎರಡು ತೂತು ಕೆಳಗಿಳಿಸಬೇಕಾಯಿತು, ಬೆಲ್ಟನ್ನು ದರ್ಜಿಯವರಿಂದ ಗೇಣುದ್ದ ಕಡಿಮೆ ಮಾಡಿಸಿದೆವು. ಹೆಚ್ಚಿಗೆ ಎರಡು ಪಿನ್ನು, ಎರಡು ರಿಂಗು ಬೇಕಲ್ಲ, ಎಲ್ಲಿ ಇಟ್ಟರೆ ಕಳೆಯುವುದಿಲ್ಲ ಅಂತ ಯೋಚಿಸುತ್ತಿದ್ದಾಗ ಅವರೇ ತಮ್ಮ ವಿಭೂತಿ ಡಬ್ಬಿ ಮುಂದೆ ಹಿಡಿದರು.